ಚಳಿನಾಡಿನ ತುಪ್ಪಟ, ವೇಮಗಲ್ಲಿನ ಬೇಸಿಗೆ

ಮಾರ್ಚ್ ಅರ್ಧ ಕಳೆಯುತ್ತಿದ್ದಂತೆ ಕೋಲಾರ ಜಿಲ್ಲೆಯ ವೇಮಗಲ್ ಸುತ್ತಿನ ಹಳ್ಳಿಗಳ ಡೈರಿಗಳಲ್ಲಿ ಬೆಳಗಿನ ಮಾತು ಒಂದೇ ಆಗಿಬಿಡುತ್ತದೆ: ಹಾಲು ಇಳಿಯಿತು, ಫ್ಯಾಟೂ ಇಳಿಯಿತು. ಹಿಂಡಿ, ಬೂಸಾ ಕಮ್ಮಿ ಮಾಡಿಲ್ಲ. ಹಸುವಿಗೆ ಜ್ವರವಿಲ್ಲ, ಕೆಚ್ಚಲು ಬಾತಿಲ್ಲ. ಆದರೂ ಕ್ಯಾನು ತುಂಬುವುದಿಲ್ಲ. ಫ್ಯಾಟು 3.5ರ ಗೆರೆಯಿಂದ ಕೆಳಗೆ ಜಾರಿದರೆ ಲೀಟರಿಗೆ ಸಿಗುವ ದುಡ್ಡೂ ಜಾರುತ್ತದೆ. ಕಾರಣ ಕೇಳಿದರೆ “ಬಿಸಿಲು ಕಣಣ್ಣ, ಇನ್ನೇನು” ಎನ್ನುತ್ತಾರೆ.

ಆ ಉತ್ತರದೊಳಗೆ ಒಂದು ಒಗಟಿದೆ. ಇಲ್ಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಬಿಸಿಲಿಗೆ ಬೀಳುವುದೇ ಅಪರೂಪ. ಅದು ಮೇಯಲು ಬೀಳಿಗೆ ಹೋಗುವುದಿಲ್ಲ, ನೊಗ ಹೊರುವುದಿಲ್ಲ. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಕೊಟ್ಟಿಗೆಯ ಸೂರಿನ ಕೆಳಗೇ ಇರುತ್ತದೆ. ಅದೇ ಬೀದಿಯ ಹಳ್ಳಿಕಾರ್ ಎತ್ತು ಹನ್ನೊಂದು ಗಂಟೆಯ ಬಿಸಿಲಲ್ಲಿ ಗಾಡಿ ಎಳೆದು ಬಂದು, ಹುಣಸೆ ಮರದ ಕೆಳಗೆ ಮಲಗಿ ನೆಮ್ಮದಿಯಾಗಿ ಮೆಲುಕು ಹಾಕುತ್ತದೆ. ನೆರಳಲ್ಲಿದ್ದದ್ದು ಏದುಸಿರು ಬಿಡುತ್ತಿದೆ, ಬಿಸಿಲುಂಡದ್ದು ಆರಾಮಾಗಿದೆ. ಹಾಗಾದರೆ ಎಚ್‌ಎಫ್ ಹಸುವನ್ನು ಬೇಯಿಸುತ್ತಿರುವ ಬಿಸಿ ಎಲ್ಲಿಯದು?

ಬಹುಪಾಲು ಅದರ ಒಳಗಿನದೇ. ಹಸುವಿನ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹಗಲೂ ರಾತ್ರಿ ಹುಲ್ಲನ್ನು ಹುದುಗಿಸುತ್ತಿರುತ್ತವೆ. ಹುದುಗುವಾಗ ಬಿಸಿ ಹುಟ್ಟುತ್ತದೆ. ಅದರ ಮೇಲೆ ಹಾಲು ತಯಾರಿಸುವ ಕೆಲಸ: ಮೇವಿನಿಂದ ಬಂದ ಶಕ್ತಿಯೆಲ್ಲ ಹಾಲಾಗುವುದಿಲ್ಲ, ದೊಡ್ಡ ಪಾಲು ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ದಿನಕ್ಕೆ 30 ಲೀಟರ್ ಆಸುಪಾಸು ಕರೆಯುವ ಹಸು, ಹಾಲು ಬತ್ತಿದ ಹಸುವಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಶಾಖ ಹುಟ್ಟಿಸುತ್ತದೆ. ಮೈಯ ಒಳಗಿನ ತಾಪಮಾನ ಮಾತ್ರ 38.6 ಡಿಗ್ರಿ ಸೆಲ್ಸಿಯಸ್‌ನ ಆಚೀಚೆಗೆ ನಿಲ್ಲಬೇಕು. ಹುಟ್ಟಿದ ಶಾಖವೆಲ್ಲ ಅದೇ ಹೊತ್ತಿಗೆ ಹೊರಗೆ ಹೋಗುತ್ತಿರಬೇಕು. ಒಳ್ಳೆಯ ಹಸು ಎಂದು ಹೆಚ್ಚು ದುಡ್ಡು ಕೊಟ್ಟು ತಂದದ್ದೇ ಬೇಸಿಗೆಯಲ್ಲಿ ಮೊದಲು ಸೊರಗುವುದಕ್ಕೆ ಇದೇ ಕಾರಣ.

ಚಳಿಗಾಲದಲ್ಲಿ ಈ ಶಾಖ ಸುಲಭವಾಗಿ ಹೊರಟುಹೋಗುತ್ತದೆ. ಮೈಗಿಂತ ಗಾಳಿ, ನೆಲ, ಗೋಡೆ ಎಲ್ಲವೂ ತಣ್ಣಗಿರುತ್ತವೆ. ಏಪ್ರಿಲ್ ಮಧ್ಯಾಹ್ನ ಕೋಲಾರದ ಗಾಳಿ 35 ಡಿಗ್ರಿ ಮುಟ್ಟಿದಾಗ ಹಸುವಿನ ಚರ್ಮದ ಬಿಸಿಯೂ ಸುಮಾರು ಅಷ್ಟೇ ಇರುತ್ತದೆ. ಎರಡೂ ಸಮನಾದ ಮೇಲೆ ಶಾಖ ಹರಿಯುವುದೆಲ್ಲಿಗೆ? ಆಗ ಉಳಿಯುವ ದಾರಿ ನೀರು ಆವಿಯಾಗುವುದೊಂದೇ, ಚರ್ಮದ ಮೇಲಿನ ಬೆವರು ಮತ್ತು ಉಸಿರಿನ ತೇವ. ಆ ಒಂದು ದಾರಿಗೂ ಅಡ್ಡ ನಿಂತಿರುವುದು ಮೈಗೂದಲು.

ಎಚ್‌ಎಫ್ ತಳಿಯ ತವರು ಹಾಲೆಂಡಿನ ಫ್ರೀಸ್‌ಲ್ಯಾಂಡ್ ಮತ್ತು ಅದಕ್ಕೆ ಹತ್ತಿರದ ಉತ್ತರ ಜರ್ಮನಿ. ಸುಮಾರು 53 ಡಿಗ್ರಿ ಉತ್ತರ ಅಕ್ಷಾಂಶದ ಆ ಸೀಮೆಯಲ್ಲಿ ಬೇಸಿಗೆಯ ಹಗಲು 17 ಗಂಟೆಯಷ್ಟು ಉದ್ದ, ಚಳಿಗಾಲದ್ದು ಎಂಟು ಗಂಟೆಗೂ ಕಡಿಮೆ. ಅಲ್ಲಿನ ದನಕ್ಕೂ ಕುದುರೆಗೂ ಚಳಿಗಾಲದಲ್ಲಿ ಮಂದವಾದ ತುಪ್ಪಟ ಬೆಳೆದು, ವಸಂತದಲ್ಲಿ ಉದುರುತ್ತದೆ. ಸೆಕೆ ಶುರುವಾದದ್ದಕ್ಕೆ ಕೂದಲು ಉದುರುತ್ತದೆ ಎಂದು ನಮಗೆ ತೋಚುವುದು ಸಹಜ. ಆಸ್ಟ್ರೇಲಿಯಾದ ವಿಜ್ಞಾನಿ ಯೇಟ್ಸ್ 1950ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಯುರೋಪಿನ ಶಾರ್ಟ್‌ಹಾರ್ನ್ ತಳಿಯ ದನಗಳನ್ನು ಕಟ್ಟಡದೊಳಗಿಟ್ಟು, ದೀಪದ ಬೆಳಕಿನಲ್ಲೇ ಹಗಲಿನ ಉದ್ದವನ್ನು ತಿರುವುಮುರುವು ಮಾಡಿದರು. ಕೂದಲು ಬೆಳೆಯುವುದೂ ಉದುರುವುದೂ ತಿರುವುಮುರುವಾಯಿತು. ಅವುಗಳ ಮೈ ಋತುವನ್ನು ಓದುತ್ತಿದ್ದದ್ದು ಬೆಳಕಿನಿಂದ, ಬಿಸಿಯಿಂದಲ್ಲ. ಕಣ್ಣಿಗೆ ಬೀಳುವ ಬೆಳಕು ಮಿದುಳಿನಲ್ಲಿ ಮೆಲಟೋನಿನ್ ಹಾರ್ಮೋನನ್ನು ಹಿಡಿತದಲ್ಲಿಡುತ್ತದೆ. ಅದರ ಬೆನ್ನಿಗೆ ಪ್ರೊಲ್ಯಾಕ್ಟಿನ್ ಏರಿಳಿಯುತ್ತದೆ, ಹಾಲು ಹುಟ್ಟಿಸುವ ಅದೇ ಪ್ರೊಲ್ಯಾಕ್ಟಿನ್.

ಕೋಲಾರ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ತಲತಲಾಂತರದಿಂದ ಬೆಳಕಿನ ದೊಡ್ಡ ಏರಿಳಿತಕ್ಕೆ ಒಗ್ಗಿದ ಮೈಗೆ ಇಲ್ಲಿ ಸಿಗುವುದು ಮಂಕಾದ ಸುಳಿವು. ನಮ್ಮ ಮಿಶ್ರತಳಿ ಹಸುಗಳ ಕೂದಲು ಹಾಲೆಂಡಿನ ಚಳಿಗಾಲದ ಹಸುವಿನಷ್ಟು ಮಂದವಿಲ್ಲ ನಿಜ. ಆದರೆ ಹಳ್ಳಿಕಾರ್ ಎತ್ತಿನ ಗಿಡ್ಡ, ಹೊಳೆಯುವ, ಚರ್ಮಕ್ಕೆ ಅಂಟಿಕೊಂಡ ಕೂದಲಿನ ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ದಕ್ಷಿಣ ಆಫ್ರಿಕಾದ ಪಶುವಿಜ್ಞಾನಿ ಯಾನ್ ಬಾನ್ಸ್‌ಮಾ ಇದಕ್ಕೊಂದು ಸರಳ ಪರೀಕ್ಷೆ ಬಳಸಿದ್ದರು. ಹಸುವಿನ ಮೈಯಿಂದ ಒಂದು ಚಿಟಿಕೆ ಕೂದಲು ಕತ್ತರಿಸಿ, ಒದ್ದೆ ಮಾಡಿ, ಅಂಗೈಗಳ ನಡುವೆ ಹೊಸೆಯಬೇಕು. ತುಪ್ಪಟದ ಗುಣದ ಕೂದಲಾದರೆ ಹೆಣೆದುಕೊಂಡು ಗಟ್ಟಿ ಉಂಡೆಯಾಗುತ್ತದೆ. ನಯವಾದ ಕೂದಲು ಎಷ್ಟು ಹೊಸೆದರೂ ಬಿಡಿಬಿಡಿಯಾಗಿ ಉದುರುತ್ತದೆ. ಉಂಡೆಯಾಗುವ ಕೂದಲಿನ ದನಗಳು ಸೆಕೆಗೆ ಬೇಗ ಬಳಲುವುದನ್ನು ಅವರು ಕಂಡರು. ಇದನ್ನು ಯಾರು ಬೇಕಾದರೂ ತಮ್ಮ ಕೊಟ್ಟಿಗೆಯಲ್ಲಿ ಮಾಡಿ ನೋಡಬಹುದು. ಒಂದು ಕತ್ತರಿ, ಒಂದು ಬೊಗಸೆ ನೀರು ಸಾಕು.

ತುಪ್ಪಟದ ಕೆಲಸವನ್ನು ಕುರುಬರ ಕಂಬಳಿಯಿಂದ ಅರ್ಥ ಮಾಡಿಕೊಳ್ಳಬಹುದು. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಚಳಿಯಲ್ಲಿ ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಅದೇ ಕಂಬಳಿಯನ್ನು ಕುರಿ ಕಾಯುವವರು ಉರಿಬಿಸಿಲಲ್ಲಿ ತಲೆಯ ಮೇಲೆ ಕೊಪ್ಪೆ ಹಾಕಿಕೊಳ್ಳುತ್ತಾರೆ, ಹೊರಗಿನ ಬಿಸಿ ಒಳಬಾರದಿರಲಿ ಎಂದು. ಕೂದಲು ಎರಡೂ ಕಡೆಯ ಬಿಸಿಯನ್ನು ತಡೆಯುತ್ತದೆ. ಹಾಗಾಗಿ ಬಿಸಿಲಲ್ಲಿ ನಿಲ್ಲುವ ಪ್ರಾಣಿಯನ್ನು ಪೂರ್ತಿ ಬೋಳಿಸುವುದು ತಪ್ಪು, ಚರ್ಮ ಸುಡುತ್ತದೆ. ನೆರಳಲ್ಲಿ ನಿಂತು, ಒಳಗೇ ಬಿಸಿ ಹುಟ್ಟಿಸಿಕೊಳ್ಳುವ ಪ್ರಾಣಿಗೆ ಕೂದಲು ಕಾಯುವುದಕ್ಕಿಂತ ಕಟ್ಟಿಹಾಕುವುದೇ ಹೆಚ್ಚು. ಅಂಥದ್ದಕ್ಕೆ ಉದ್ದ ಕೂದಲನ್ನು ಕತ್ತರಿ ಯಂತ್ರದಲ್ಲಿ ಗಿಡ್ಡ ಮಾಡಿ, ಒಂದು ತೆಳ್ಳನೆಯ ಪದರ ಉಳಿಸುವುದು ನ್ಯಾಯ.

ಈ ಜಾಗದಲ್ಲಿ ಕುದುರೆಯ ಕಡೆಗೆ ತಿರುಗಬೇಕು. ಮಂದ ಕೂದಲಿದ್ದೂ ಸೆಕೆಯನ್ನು ಗೆಲ್ಲುವ ಉಪಾಯ ಅದಕ್ಕೆ ಗೊತ್ತು.

ಮಾಲೂರು ದಾಟಿದರೆ ಸಿಗುವ ಹೊಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿ 1824ರಲ್ಲಿ ತನ್ನ ಸೈನ್ಯದ ಕುದುರೆಗಳಿಗಾಗಿ ದೊಡ್ಡ ಫಾರಂ ತೆರೆದಿತ್ತು. ಈಗ ಅದು ತಮಿಳುನಾಡು ಸರ್ಕಾರದ ಜಾನುವಾರು ಫಾರಂ. ಪಡುವಣಕ್ಕೆ ಹೋದರೆ ಕುಣಿಗಲ್ಲಿನ ಕುದುರೆ ಫಾರಂ. ಅದರ ಚರಿತ್ರೆ ಟಿಪ್ಪುವಿನ ಕಾಲಕ್ಕೆ ಹೋಗುತ್ತದೆ, ರೇಸಿನ ಕುದುರೆಗಳು ಅಲ್ಲಿ ಹುಟ್ಟಿ ಬೆಳೆದಿವೆ. ಮೈಸೂರು ಸೀಮೆಗೆ ಕುದುರೆ ಹೊಸದಲ್ಲ. 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಮದ್ರಾಸಿನ ಬಂದರಿಗೆ ವೇಲರ್ ಎಂಬ ಕುದುರೆಗಳು ಹಡಗು ಹಡಗಾಗಿ ಬಂದಿಳಿಯುತ್ತಿದ್ದವು. ಭೂಮಧ್ಯರೇಖೆಯ ಆ ಕಡೆಯಿಂದ ಬಂದ ಕುದುರೆಗೆ ಇಲ್ಲಿನ ಬೇಸಿಗೆ ತವರಿನಲ್ಲಿ ಚಳಿಗಾಲ ಹತ್ತಿರವಾಗುವ ಹೊತ್ತು.

ಓಡುವ ಕುದುರೆಯ ಸ್ನಾಯು ಬಳಸುವ ಶಕ್ತಿಯಲ್ಲಿ ಓಟವಾಗುವುದು ನಾಲ್ಕರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಉಳಿದದ್ದೆಲ್ಲ ಶಾಖ. ಅದನ್ನು ಕಳೆಯಲು ಕುದುರೆ ಬೆವರುತ್ತದೆ, ದನ ಬೆವರದಷ್ಟು ಬೆವರುತ್ತದೆ. ಕಠಿಣ ಕೆಲಸದಲ್ಲಿ ಗಂಟೆಗೆ 10 ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲದು. ಆದರೆ ಬೆವರು ಹುಟ್ಟುವುದು ಚರ್ಮದಲ್ಲಿ, ಗಾಳಿ ಆಡುವುದು ಕೂದಲಿನ ಮೇಲೆ. ಕೂದಲಿಗೆ ಜಿಡ್ಡಿರುವುದರಿಂದ ನೀರು ಸಲೀಸಾಗಿ ಹರಡುವುದಿಲ್ಲ. ಕುದುರೆಯ ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನಿದೆ. ಸಾಬೂನಿನಂತೆ ಅದು ನೀರಿಗೂ ಜಿಡ್ಡುಕೂದಲಿಗೂ ಸಂಧಾನ ಮಾಡಿಸುತ್ತದೆ, ಬೆವರು ಕೂದಲಿನ ಬುಡದಿಂದ ತುದಿಯವರೆಗೆ ಹಬ್ಬಿ ಅಲ್ಲಿಂದ ಆವಿಯಾಗುತ್ತದೆ. ಓಡಿ ಬಂದ ಕುದುರೆಯ ಕತ್ತಿನಲ್ಲಿ, ತೊಡೆಗಳ ಸಂದಿನಲ್ಲಿ ಕಾಣುವ ಬಿಳಿ ನೊರೆ ಇದರದೇ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಈ ಪ್ರೋಟೀನಿನ ವರ್ತನೆಯನ್ನು ಬಿಡಿಸಿ ನೋಡಿದ್ದಾರೆ. ನನಗೆ ಪ್ರಾಣಿಲೋಕದ ಅತಿ ಸುಂದರ ಉಪಾಯಗಳಲ್ಲಿ ಇದೂ ಒಂದು.

ಈ ಉಪಾಯವೂ ಕೈಕೊಡುವುದುಂಟು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಇಂಡಿಯಾಕ್ಕೂ ಬೇರೆ ಸೆಕೆನಾಡುಗಳಿಗೂ ತಂದ ಕುದುರೆಗಳಲ್ಲಿ ಕೆಲವು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಬೆವರುವುದನ್ನೇ ನಿಲ್ಲಿಸುತ್ತಿದ್ದವು. ಮೈ ಒಣಗಿ, ಕೂದಲು ಒರಟಾಗಿ, ಸ್ವಲ್ಪ ನಡೆದರೂ ತಿದಿಯೊತ್ತಿದಂತೆ ಉಸಿರಾಡುತ್ತಿದ್ದವು. ಈ ಕಾಯಿಲೆ ಈಗಲೂ ಇದೆ. ಇನ್ನೊಂದು, ವಯಸ್ಸಾದ ಕುದುರೆಯದು: ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹದ ತಪ್ಪಿ ಬೇಸಿಗೆ ಬಂದರೂ ಕೂದಲು ಉದುರುವುದಿಲ್ಲ, ಗುಂಗುರುಗುಂಗುರಾಗಿ ಜೋತುಬೀಳುತ್ತದೆ. ಇಂಥ ಕುದುರೆಯ ಕೂದಲನ್ನು ಬೇಸಿಗೆಗೆ ಮೊದಲೇ ಕತ್ತರಿಸಬೇಕು, ಪಶುವೈದ್ಯರಿಗೂ ತೋರಿಸಬೇಕು. ಮುದಿತನದ ಲಕ್ಷಣ ಎಂದು ಬಿಟ್ಟುಬಿಡಬಾರದು.

ಬಿಸಿಯೇರಿದ ಕುದುರೆಗೆ ತಣ್ಣೀರು ಹಾಕಬಾರದು, ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆ ಜಗತ್ತಿನೆಲ್ಲೆಡೆ ಇತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮುಂಚೆ, ಅಲ್ಲಿನ ಬೇಗೆಯಲ್ಲಿ ಕುದುರೆಗಳು ಉಳಿಯುತ್ತವೆಯೇ ಎಂಬ ಭಯದಿಂದ ನಡೆದ ಸಂಶೋಧನೆಗಳು ಆ ನಂಬಿಕೆಯನ್ನು ಸುಳ್ಳು ಮಾಡಿದವು. ಬ್ರಿಟನ್ನಿನ ಡೇವಿಡ್ ಮಾರ್ಲಿನ್ ಆ ಕೆಲಸದಲ್ಲಿದ್ದವರು. ತಣ್ಣೀರನ್ನು ಮೈಯೆಲ್ಲ ಸುರಿಯಬೇಕು, ಸುರಿಯುತ್ತಲೇ ಇರಬೇಕು. ನಡುನಡುವೆ ನಿಲ್ಲಿಸಿ ನೀರು ಬಳಿದು ತೆಗೆಯುವುದರಿಂದ ಹೊತ್ತು ಹಾಳಷ್ಟೇ. ಒದ್ದೆ ಬಟ್ಟೆ ಹೊದಿಸಿ ಬಿಡುವುದೂ ಬೇಡ, ಬಟ್ಟೆ ಬೇಗ ಬಿಸಿಯಾಗಿ ಮತ್ತೊಂದು ಪದರವಾಗಿ ಕೂರುತ್ತದೆ. ಬೆವರಿನಲ್ಲಿ ಉಪ್ಪು ಧಾರಾಳವಾಗಿ ಹೋಗುವುದರಿಂದ ಕುಡಿಯುವ ನೀರಿನ ಜತೆ ಉಪ್ಪನ್ನೂ ಕೊಡಬೇಕು.

ಕುದುರೆಯದು ಹತ್ತಿಪ್ಪತ್ತು ನಿಮಿಷದ ಸಂಕಟ. ನೀರು ಎಷ್ಟಾದರೂ ಸರಿ, ಜೀವ ಉಳಿದರೆ ಸಾಕು. ಹಸುವಿನದು ಮೂರು ತಿಂಗಳ ದಿನದಿನದ ಸಂಕಟ. ಅದೂ ಕೋಲಾರದಲ್ಲಿ. ವರ್ಷಪೂರ್ತಿ ಹರಿಯುವ ಹೊಳೆ ಇಲ್ಲದ, ಸಾವಿರ ಅಡಿ ದಾಟಿದ ಬೋರ್‌ವೆಲ್ಲುಗಳನ್ನು ನೆಚ್ಚಿದ ಜಿಲ್ಲೆ ಇದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬಂದು ಅಂತರ್ಜಲಕ್ಕೆ ಆಸರೆಯಾಗಿದೆ, ಆದರೆ ಹಸುವಿನ ಮೇಲೆ ಹಗಲಿಡೀ ಪೈಪು ಬಿಡುವಷ್ಟು ನೀರು ಯಾರ ಮನೆಯಲ್ಲೂ ಇಲ್ಲ. ಇಲ್ಲಿ ಭೌತವಿಜ್ಞಾನ ರೈತನ ಪರವಾಗಿ ನಿಲ್ಲುತ್ತದೆ. ಒಂದು ಲೀಟರ್ ನೀರು ಮೈಮೇಲಿಂದ ಹರಿಯುತ್ತ 10 ಡಿಗ್ರಿ ಬಿಸಿಯಾದರೆ ಹೊತ್ತೊಯ್ಯುವ ಶಾಖ ಸುಮಾರು 42 ಕಿಲೋಜೌಲ್. ಅದೇ ಒಂದು ಲೀಟರ್ ಚರ್ಮದ ಮೇಲೆ ಪೂರ್ತಿ ಆವಿಯಾದರೆ ಹೊತ್ತೊಯ್ಯುವುದು ಸುಮಾರು 2,400 ಕಿಲೋಜೌಲ್. ಐವತ್ತಕ್ಕೂ ಹೆಚ್ಚು ಲೀಟರ್ ಸುರಿದು ಚರಂಡಿಗೆ ಬಿಡುವ ಕೆಲಸವನ್ನು ಒಂದು ಲೀಟರ್ ಆರಿಹೋಗುತ್ತಲೇ ಮಾಡಬಲ್ಲದು. ಹಸುವನ್ನು ತಂಪು ಮಾಡುವುದು ನೆನೆಸುವುದಲ್ಲ, ಆರಿಸುವುದು.

ಹಾಗಾದರೆ ಕ್ರಮ ಹೀಗಿರಬೇಕು. ಮಧ್ಯಾಹ್ನ ಒಂದೆರಡು ನಿಮಿಷ ದಪ್ಪ ಹನಿಯ ನೀರು, ಆಮೇಲೆ ಹತ್ತು ಹನ್ನೆರಡು ನಿಮಿಷ ಫ್ಯಾನಿನ ಗಾಳಿ, ಮತ್ತೆ ನೀರು. ಹನಿ ದಪ್ಪ ಇರಬೇಕು ಎಂದದ್ದಕ್ಕೆ ಕಾರಣವಿದೆ. ಈಚೆಗೆ ಕೊಟ್ಟಿಗೆಗಳಿಗೆ ಬರುತ್ತಿರುವ ಫಾಗರ್ ಮಂಜಿನಂಥ ತುಂತುರನ್ನು ಹಾರಿಸುತ್ತದೆ. ಮಂದ ಕೂದಲಿನ ಹಸುವಿನ ಮೇಲೆ ಆ ತುಂತುರು ಕೂದಲಿನ ತುದಿಯಲ್ಲೇ ಮುತ್ತುಮುತ್ತಾಗಿ ನಿಲ್ಲುತ್ತದೆ. ನೋಡುವವರಿಗೆ ಹಸು ಒದ್ದೆಯಾಗಿದೆ. ಬೆನ್ನ ಮೇಲೆ ಎರಡು ಬೆರಳಿಟ್ಟು ಕೂದಲನ್ನು ಬಗೆದು ನೋಡಿ: ಬುಡ ಒಣಗಿರುತ್ತದೆ, ಚರ್ಮ ಸುಡುತ್ತಿರುತ್ತದೆ, ನಡುವಿನ ಗಾಳಿ ಬೆಚ್ಚಗೆ ಸಿಕ್ಕಿಕೊಂಡಿರುತ್ತದೆ. ನೀರು ಚರ್ಮ ಮುಟ್ಟದಿದ್ದರೆ ಆವಿಯಾಗಲು ಬೇಕಾದ ಶಾಖವನ್ನು ಅದು ಗಾಳಿಯಿಂದ ತೆಗೆದುಕೊಳ್ಳುತ್ತದೆ, ಹಸುವಿನಿಂದಲ್ಲ. ಬೆನ್ನಿಗೆ ಒದ್ದೆ ಗೋಣಿತಾಟು ಹೊದಿಸುವುದಕ್ಕೂ ಕುದುರೆಯ ಒದ್ದೆ ಬಟ್ಟೆಯ ಮಾತೇ ಅನ್ವಯ. ಅದೇ ಗೋಣಿತಾಟನ್ನು ಪಡುವಣ ಬಿಸಿಲು ಹೊಡೆಯುವ ಕಡೆ ತೂಗುಹಾಕಿ ನೀರು ಚಿಮುಕಿಸಿದರೆ ಒಳಬರುವ ಗಾಳಿ ತಂಪಾಗುತ್ತದೆ. ಅದಕ್ಕೆ ಸರಿಯಾದ ಜಾಗ ಅದು.

ಏಪ್ರಿಲ್‌ನಲ್ಲಿ ಈ ಉಪಾಯಗಳು ಚೆನ್ನಾಗಿ ನಡೆಯುತ್ತವೆ, ನಮ್ಮದು ಒಣಸೆಕೆ. ಮೇ ತಿಂಗಳ ಮಳೆ ಬಿದ್ದ ಮೇಲೆ ಲೆಕ್ಕ ಬದಲಾಗುತ್ತದೆ. ತಾಪಮಾನ, ಗಾಳಿಯ ತೇವ ಎರಡನ್ನೂ ಸೇರಿಸಿ ಪಶುವಿಜ್ಞಾನಿಗಳು ಒಂದು ಸೂಚ್ಯಂಕ ಮಾಡಿದ್ದಾರೆ. ಅದು 72 ದಾಟಿದರೆ ಕರೆಯುವ ಹಸುವಿಗೆ ಕಷ್ಟ ಶುರು ಎಂಬುದು ಹಳೆಯ ಗೆರೆ. ಹೆಚ್ಚು ಹಾಲಿನ ಹಸುಗಳಿಗೆ 68ಕ್ಕೇ ಶುರು ಎನ್ನುತ್ತಾರೆ ಈಗ. 35 ಡಿಗ್ರಿ, ಶೇ. 30 ತೇವದ ಏಪ್ರಿಲ್ ಮಧ್ಯಾಹ್ನಕ್ಕೆ ಲೆಕ್ಕ ಹಾಕಿದರೆ ಸೂಚ್ಯಂಕ ಸುಮಾರು 81. ಮಳೆ ಬಂದು 32 ಡಿಗ್ರಿಗೆ ಇಳಿದು, ತೇವ ಶೇ. 50ಕ್ಕೆ ಏರಿದ ಮಧ್ಯಾಹ್ನಕ್ಕೂ ಸುಮಾರು 81! ನಮಗೆ “ಅಬ್ಬ, ತಂಪಾಯಿತು” ಅನ್ನಿಸುವ ದಿನ ಹಸುವಿಗೆ ಏನೂ ತಂಪಾಗಿರುವುದಿಲ್ಲ. ಮೊದಲ ಮಳೆಗೇ ಫ್ಯಾನ್ ಆರಿಸಿಬಿಡುವುದು ಅದಕ್ಕೇ ತಪ್ಪು. ತೇವ ಏರಿದಾಗ ನೀರು ಕಡಿಮೆ ಮಾಡಿ, ಗಾಳಿ ಹೆಚ್ಚಿಸಬೇಕು.

ಹಸು ಇದನ್ನೆಲ್ಲ ಪಕ್ಕೆಯಲ್ಲಿ ಬರೆದು ತೋರಿಸುತ್ತದೆ. ಪಕ್ಕೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿದರೆ ಸಾಕು. 60 ದಾಟಿದರೆ ಹಸು ಸೆಕೆಯೊಂದಿಗೆ ಗುದ್ದಾಡುತ್ತಿದೆ. 80, 90 ಆಗಿ, ಬಾಯಿ ತೆರೆದು ಜೊಲ್ಲು ಸುರಿಯುತ್ತಿದ್ದರೆ ಆಗಲೇ ನೀರು ಗಾಳಿ ಬೇಕು, ಸಂಜೆಗೆ ಕಾಯಬಾರದು. ಸೆಕೆಗೆ ಸಿಕ್ಕ ಹಸು ಮಲಗುವುದೂ ಇಲ್ಲ. ನಿಂತರೆ ಮೈಯ ಎಲ್ಲ ಕಡೆಗೂ ಗಾಳಿ ತಾಗುತ್ತದಲ್ಲ, ನಿಂತೇ ಇರುತ್ತದೆ. ಮಲಗದ ಹಸುವಿನ ಕಾಲು ಗೊರಸು ಸೋಲುತ್ತವೆ.

ಡೈರಿಯ ಫ್ಯಾಟಿನ ಗುಟ್ಟೂ ಈ ಏದುಸಿರಿನಲ್ಲೇ ಇದೆ. ಬೇಗಬೇಗ ಉಸಿರಾಡುವಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಟುಹೋಗುತ್ತದೆ. ಅದನ್ನು ಸರಿತೂಗಿಸಲು ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕುತ್ತವೆ. ಮೊದಲ ಹೊಟ್ಟೆಯ ಹುಳಿಯನ್ನು ಹದದಲ್ಲಿಡುವುದು ಜೊಲ್ಲಿನಲ್ಲಿರುವ ಈ ಬೈಕಾರ್ಬೊನೇಟೇ. ಇತ್ತ ಇದ್ದಬದ್ದ ಜೊಲ್ಲೂ ನೆಲಕ್ಕೆ ಸುರಿದುಹೋಗುತ್ತಿದೆ. ಜತೆಗೆ ಹಸು ಒಣಹುಲ್ಲನ್ನು ಬದಿಗೊತ್ತಿ ಹಿಂಡಿಯನ್ನಷ್ಟೇ ಆರಿಸಿ ತಿನ್ನುತ್ತದೆ. ನಾರು ಕಮ್ಮಿಯಾಯಿತು, ಹುಳಿ ಏರಿತು, ಫ್ಯಾಟು ಇಳಿಯಿತು. ಬೇಸಿಗೆಯಲ್ಲಿ ಹಿಂಡಿಗೆ ಅಡುಗೆ ಸೋಡಾ ಬೆರೆಸಲು ವೈದ್ಯರು ಹೇಳುವುದು ಇದಕ್ಕೇ. ಅಳತೆಯನ್ನು ಅವರಿಂದಲೇ ಕೇಳಬೇಕು.

ಮೇವು ತಿಂದ ಮೂರು ನಾಲ್ಕು ಗಂಟೆಗೆ ಹೊಟ್ಟೆಯ ಶಾಖ ಜೋರಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಗೋದಲಿ ತುಂಬಿದರೆ ಒಳಗಿನ ಬಿಸಿಯೂ ಹೊರಗಿನ ಬಿಸಿಯೂ ಮಧ್ಯಾಹ್ನ ಒಂದೇ ಹೊತ್ತಿಗೆ ಕೂಡಿಕೊಳ್ಳುತ್ತವೆ. ಬೇಸಿಗೆಯಲ್ಲಿ ಮೇವಿನ ದೊಡ್ಡ ಪಾಲು ರಾತ್ರಿಯೂಟವಾಗಲಿ, ಉಳಿದದ್ದು ನಸುಕಿನಲ್ಲಿ. ಗೋಧೂಳಿಯ ಮೇಲೆ ರಾಗಿಹುಲ್ಲು, ಹಗಲಿಗೆ ಒಂದಿಷ್ಟು ಹಸಿಜೋಳ. ಕುಡಿಯುವ ನೀರು ದಿನಕ್ಕೆ ನೂರು ಲೀಟರ್ ದಾಟುತ್ತದೆ. ಬಿಸಿಲಲ್ಲಿ ಕಾದ ಸಿಮೆಂಟ್ ತೊಟ್ಟಿಯ ನೀರನ್ನು ಹಸು ಮೂಸಿ ಬಿಡುತ್ತದೆ, ತೊಟ್ಟಿಯ ಮೇಲೆ ಒಂದು ಚಪ್ಪರ ಬೇಕು.

ಕೋಲಾರಕ್ಕೆ ಒಂದು ವರವಿದೆ, ಇಲ್ಲಿನ ರಾತ್ರಿ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಈ ಬಯಲಿನಲ್ಲಿ ಏಪ್ರಿಲ್‌ನ ನಡುರಾತ್ರಿ ಕಳೆದ ಮೇಲೆ ತಾಪಮಾನ 22 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹಗಲು ಮೈಯಲ್ಲಿ ಕೂಡಿಟ್ಟ ಬಿಸಿಯನ್ನು ಹಸು ಆಗ ಆಕಾಶಕ್ಕೆ ಬಿಡಬಲ್ಲದು, ಆಕಾಶ ಕಂಡರೆ. ಕಳ್ಳರ ಭಯಕ್ಕೆ ನಾವು ಅದನ್ನು ತಗ್ಗಾದ ಶೀಟಿನ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತೇವೆ. ಹಗಲೆಲ್ಲ ಕಾದ ಗೋಡೆಗಳು ರಾತ್ರಿಯಿಡೀ ಅದರ ಮೇಲೆ ಬಿಸಿ ಕಾರುತ್ತವೆ. ಅಂಗಳಕ್ಕೊಂದು ತಂತಿಬೇಲಿ ಹಾಕಿ ಹಸುಗಳನ್ನು ಬಯಲಲ್ಲಿ ಬಿಡುವ ಖರ್ಚು ಫಾಗರ್‌ಗಿಂತ ಹೆಚ್ಚಿನದೇನಲ್ಲ, ಫಲ ಮಾತ್ರ ಹೆಚ್ಚಿನದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೂದಲಿನ ಸಮಸ್ಯೆಯನ್ನು ತಳಿಯಲ್ಲೇ ಬಗೆಹರಿಸುವ ದಾರಿಯೂ ತೆರೆದಿದೆ. ಕೆರಿಬಿಯನ್ ದ್ವೀಪಗಳ ಸೆನೆಪೋಲ್ ದನಗಳಿಗೆ ಅತಿ ಗಿಡ್ಡ, ನುಣ್ಣನೆಯ ಕೂದಲು. ಕಾರಣ ಪ್ರೊಲ್ಯಾಕ್ಟಿನ್ನಿನ ಸಂದೇಶ ಹಿಡಿಯುವ ಜೀನಿನಲ್ಲಿ ಆದ ಒಂದು ಸಣ್ಣ ಬದಲಾವಣೆ ಎಂದು 2014ರಲ್ಲಿ ಗೊತ್ತಾಯಿತು. ಈ ಜೀನು ಸೇರಿಕೊಂಡ ಹೋಲ್‌ಸ್ಟೀನ್ ಹಸುಗಳು ಪೋರ್ಟೊರಿಕೊದಲ್ಲಿ, ಫ್ಲಾರಿಡಾದಲ್ಲಿ ಸೆಕೆಯಲ್ಲೂ ಉಳಿದವುಗಳಿಗಿಂತ ತಂಪಾಗಿರುತ್ತವೆ. ನಮ್ಮ ಹಳ್ಳಿಕಾರ್ ಗಿಡ್ಡ ಕೂದಲನ್ನೂ ದೊಡ್ಡ ಬೆವರುಗ್ರಂಥಿಗಳನ್ನೂ ಹುಟ್ಟಿನಿಂದಲೇ ಪಡೆದುಬಂದಿದೆ. ಹಾಲು ಮಾತ್ರ ಕಮ್ಮಿ. ಕೋಲಾರದವರೇ ಆದ ಎಂ.ವಿ. ಕೃಷ್ಣಪ್ಪನವರು ನೆಹರೂ ಸರ್ಕಾರದಲ್ಲಿ ಕೃಷಿ ಉಪಮಂತ್ರಿಯಾಗಿದ್ದವರು, ಈ ಸೀಮೆಯ ಹೈನುಗಾರಿಕೆಗೆ ಅವರನ್ನು ಇಂದಿಗೂ ನೆನೆಯುತ್ತಾರೆ. ಆ ತಲೆಮಾರು ಹಾಲನ್ನು ಹುಡುಕಿತು. ಮುಂದಿನ ತಲೆಮಾರು ಹೋರಿಯ ಆಯ್ಕೆಯಲ್ಲಿ ಚರ್ಮ, ಕೂದಲುಗಳನ್ನೂ ನೋಡಬೇಕಾಗುತ್ತದೆ.

ಅಲ್ಲಿಯವರೆಗೆ, ಇರುವ ಒಂದು ಫ್ಯಾನನ್ನು ಯಾವ ಹಸುವಿಗೆ ತಿರುಗಿಸುವುದು? ಎಲ್ಲರೂ ಕರೆಯುವ ಹಸುವಿಗೆ ತಿರುಗಿಸುತ್ತಾರೆ. ಹಾಲು ಬತ್ತಿಸಿದ ತುಂಬುಗಬ್ಬದ ಹಸು ಹೊರಗೆ ಶೀಟಿನ ಮಾಡಿನ ಕೆಳಗೆ ಇರುತ್ತದೆ, ಅದರಿಂದ ಈಗ ಆದಾಯವಿಲ್ಲವಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದ ಜೆಫ್ರಿ ಡಾಲ್ ಮತ್ತವರ ಸಂಗಡಿಗರು ಹತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿದ್ದು ಇಂಥ ಹಸುಗಳನ್ನೇ. ಈಯುವ ಮುಂಚಿನ ಆರೇಳು ವಾರ ಸೆಕೆಯಲ್ಲಿ ಕಳೆದ ಹಸು ಈದ ಮೇಲೆ ಕಡಿಮೆ ಹಾಲು ಕೊಡುತ್ತದೆ, ಕೆಚ್ಚಲಿನ ಹಾಲುಕೋಶಗಳು ಹೊಸದಾಗಿ ಕಟ್ಟಿಕೊಳ್ಳುವುದು ಆ ವಾರಗಳಲ್ಲೇ. ಹೊಟ್ಟೆಯಲ್ಲಿದ್ದ ಹೆಣ್ಣುಗರು ಹಗುರಾಗಿ ಹುಟ್ಟುತ್ತದೆ. ಅದು ಬೆಳೆದು, ಈದು, ಕರೆಯತೊಡಗಿದಾಗ ತಂಪಿನಲ್ಲಿ ಗಬ್ಬವಾಗಿದ್ದ ತಾಯಿಯ ಕರುವಿಗಿಂತ ಕಡಿಮೆ ಹಾಲು ಕೊಡುತ್ತದೆ, ಒಂದು ಸೂಲಿನಲ್ಲಲ್ಲ, ಮೊದಲ ಮೂರು ಸೂಲುಗಳಲ್ಲೂ. ಈ ಏಪ್ರಿಲ್‌ನ ಸೆಕೆ ಇನ್ನೂ ಹುಟ್ಟದ ಹಸುವಿನ ಕೆಚ್ಚಲಿನಲ್ಲಿ ಐದಾರು ವರ್ಷ ಉಳಿಯುತ್ತದೆ. ಗಬ್ಬದ ಹಸುವನ್ನು ಶೀಟಿನ ಕೆಳಗಿಂದ ಬಿಚ್ಚಿ ಹೊಂಗೆಯ ನೆರಳಿಗೆ ಕಟ್ಟಿ, ಮಧ್ಯಾಹ್ನ ಎರಡು ಸಲ ಚರ್ಮ ಮುಟ್ಟುವಂತೆ ನೀರು ಹಾಕಿ. ಫ್ಯಾನು ಎರಡನೆಯದೊಂದು ತರುವುದಾದರೆ ಅದರ ಕಡೆಗೆ ತಿರುಗಿಸಿ.